ಮುಕಾದಮನ ಮೂಗು, ನನ್ನ ಹರಳು

"ಮೇಡಂರಿ, ಒಂದಾ ನಿಮ್ಮ ಬೆಳಕು ಉಳೀಬೇಕು, ಇಲ್ಲಾ ನಮ್ಮ ಹೋರಿ ಬೀಜ ಉಳೀಬೇಕು. ಎರಡೂ ಅಂದ್ರ ಆಗಂಗಿಲ್ಲ," ಎಂದು ಪಶು ಆಸ್ಪತ್ರೆಯ ಡಾಕ್ಟರು ಕೈಮುಗಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುರಪುರದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲೆ ಲ್ಯಾಬಿನ ಮೂಲೆಯಲ್ಲಿ ನನ್ನ ಸಂಶೋಧನೆ. ನನ್ನ ಹಳೆಯ ಇನ್‌ಫ್ರಾರೆಡ್ ಡಿಟೆಕ್ಟರಿಗೆ ದ್ರವ ಸಾರಜನಕ ಸುರಿದು ತಣ್ಣಗಾಗಿಸದಿದ್ದರೆ ಅದು ಕುರುಡು. ಇಡೀ ತಾಲ್ಲೂಕಿನಲ್ಲಿ ನನಗೆ ಆ ದ್ರವ ಸಿಗುತ್ತಿದ್ದುದು ಹೋರಿಯ ವೀರ್ಯ ಕಾಪಾಡುವ ಪಶು ಆಸ್ಪತ್ರೆಯ ಡಬ್ಬಿಯಲ್ಲಿ ಮಾತ್ರ. ಒಂದು ವರ್ಷ ಕಾಡಿ ಬೇಡಿ ಫ್ಲಾಸ್ಕಿನಲ್ಲಿ ತಂದೆ. ಆಮೇಲೆ ಡಾಕ್ಟರು ಕೈಮುಗಿದರು.

ತಣ್ಣಗಾಗಿಸುವ ಗೋಜು ಯಾಕೆಂದರೆ, ಬೆಚ್ಚಗಿರುವ ಯಾವ ವಸ್ತುವೇ ಆಗಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಸೂಸುತ್ತಲೇ ಇರುತ್ತದೆ. ಗೋಡೆ, ಬೆಂಚು, ನಾನು, ಡಿಟೆಕ್ಟರ್ ಎಲ್ಲವೂ. ತಾನೇ ದೊಡ್ಡ ದನಿಯಲ್ಲಿ ಹಾಡುತ್ತಿರುವವನಿಗೆ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲ. ಅದರ ಬಾಯಿ ಮುಚ್ಚಿಸಬೇಕಾದರೆ ಚಳಿ ಹಿಡಿಸಬೇಕು.

ಇದಕ್ಕೆ ಇನ್ನೊಂದು ದಾರಿ ಇದೆ: ಡಿಟೆಕ್ಟರನ್ನು ಬಿಟ್ಟು ಬೆಳಕನ್ನೇ ಬದಲಿಸುವುದು. ನನ್ನ ಪಿಎಚ್.ಡಿ. ಗೈಡ್ ದೂರದ ನಗರದಿಂದ ಅದಕ್ಕಾಗಿ ಒಂದು ಹರಳನ್ನು ಎರವಲು ಕೊಟ್ಟರು. ಯಾದಗಿರಿ ಸ್ಟೇಷನ್ನಿನಲ್ಲಿ ಅದನ್ನು ಇಸಿದುಕೊಂಡು, ಬಸ್ಸಿನಲ್ಲಿ ಸುರಪುರದವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಬೆಂಕಿಕಡ್ಡಿಗಿಂತ ತುಸು ಅಗಲದ ತುಂಡು. ಅದರೊಳಗೆ ಸೀರೆಯ ಅಂಚಿನ ಗೆರೆಗಳ ಹಾಗೆ ಅತಿಸಣ್ಣ ಪಟ್ಟೆಗಳ ಐದು ಸಾಲು. ಒಂದು ತುದಿಯಿಂದ ಬಲವಾದ ಲೇಸರ್ ಬಿಟ್ಟು, ಅದರ ಜೊತೆ ಬಡ ಇನ್‌ಫ್ರಾರೆಡ್ ಬೆಳಕನ್ನೂ ಬಿಟ್ಟರೆ, ಎರಡೂ ಹರಳಿನೊಳಗೆ ಕೂಡಿ ಮೂರನೆಯದೊಂದು ಬೆಳಕಾಗಿ ಹೊರಬರುತ್ತವೆ. ಆ ಮೂರನೆಯದನ್ನು ಫೋನಿನ ಕ್ಯಾಮೆರಾದಲ್ಲಿರುವಂಥ ಸಾದಾ ಸಿಲಿಕಾನ್ ಡಿಟೆಕ್ಟರ್ ಆರಾಮವಾಗಿ ನೋಡುತ್ತದೆ. ಚಳಿ ಬೇಡ, ಹೋರಿಯ ಡಬ್ಬಿ ಬೇಡ.

ಮೊದಲ ಸಲ ಎಲ್ಲವೂ ಸರಿಯಾಗಿ ಕೂತ ಸಂಜೆ ಲೆನ್ಸಿನ ಮುಂದೆ ಅಂಗೈ ಹಿಡಿದೆ. ಪರದೆಯ ಮೇಲಿನ ಅಂಕಿ ಏರಿತು. ತೆಗೆದೆ, ಇಳಿಯಿತು. ಮತ್ತೆ ಹಿಡಿದೆ. ನನ್ನ ರಕ್ತದ ಬಿಸಿ ಬೆಳಕಾಗಿ ಹೊರಟು, ಆ ತುಂಡಿನೊಳಗೆ ಹೊಕ್ಕು, ವೇಷ ಬದಲಿಸಿಕೊಂಡು ಬಂದು ನನಗೇ ಕಾಣುತ್ತಿತ್ತು. ಹದಿನಾಲ್ಕು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದವಳು ನಾನು. ಆದರೂ ಕತ್ತಲಾಗುವವರೆಗೂ ಅಂಗೈ ಹಿಡಿಯುತ್ತ, ತೆಗೆಯುತ್ತ ಕೂತೆ.

ಈ ಸುದ್ದಿ ಹೇಗೆ ಹೋಯಿತೋ, ವಾರದೊಳಗೆ ನಮ್ಮೂರು ದೋರನಹಳ್ಳಿಯ ಹಿರಿಯರೊಬ್ಬರು ಕಾಲೇಜಿಗೆ ಬಂದರು. ಶಹಾಪುರದ ಆಚೆ, ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಅವರು ಹಮಾಲರ ಮುಕಾದಮ, ಅಂದರೆ ಅರಳೆಯ ಬೇಲ್ ಹೊರುವ ಹನ್ನೆರಡು ಜನರ ಮುಖಂಡ. ನಾನು ಚಿಕ್ಕಂದಿನಿಂದ ಕಾಕಾ ಎಂದೇ ಕರೆದವರು.

"ಯವ್ವಾ, ಹೊಗಿ ಕಾಣೋ ಯಂತ್ರ ಮಾಡೀಯಂತಲ್ಲ, ಖರೇ ಏನು?"

"ಹೊಗಿ ಅಲ್ಲ ಕಾಕಾ. ಹೊಗಿಗಿಂತ ಮೊದಲು ಬರೋ ಗಾಳಿ."

"ಅದಾ ಬೇಕಾಗ್ಯಾದ ನನಗ."

ಅವರು ಹೇಳಿದ್ದಿಷ್ಟು. ಹಿಂದಿನ ದಿನ ಮಿಲ್ಲಿನಲ್ಲಿ ಬೇಲ್ ಒತ್ತುವ ಪ್ರೆಸ್ಸಿನ ಬಳಿ ಅರಳೆಯ ಜೊತೆ ಒಂದು ಕಿಡಿ ಹಾರಿದ್ದನ್ನು ಯಾರೋ ನೋಡಿದ್ದಾರೆ, ಪ್ರೆಸ್ಸಿನದೇ ಕಿಡಿ ಎಂದು ಎಲ್ಲರ ಎಣಿಕೆ. ಅರಳೆಯನ್ನು ಒತ್ತಿ ಪಟ್ಟಿ ಬಿಗಿದು ಬೇಲ್ ಮಾಡುವಾಗ ಒಂದೇ ಒಂದು ಕಿಡಿ ಒಳಗೆ ಸಿಕ್ಕಿಕೊಂಡರೂ ಸಾಕು, ಅದು ಹೊಗೆ ಕಾಣಿಸದೆ, ಉರಿಯದೆ, ಆರದೆ, ದಿನಗಟ್ಟಲೆ ಬೇಲಿನ ಹೊಟ್ಟೆಯಲ್ಲಿ ಬದುಕಿರುತ್ತದೆ. ಲಾರಿಗೆ ಏರಿಸಿ ಗಾಳಿ ತಾಗಿತೋ, ಭುಗಿಲ್ಲೆನ್ನುತ್ತದೆ. ಹಾಗಾಗಿ ಕಿಡಿ ಹಾರಿದ ದಿನದ ಬೇಲುಗಳನ್ನು ದೂರದ ತಗಡಿನ ಪತ್ರಾಸ್ ಶೆಡ್ಡಿನಲ್ಲಿ, ಒಬ್ಬರು ಸುತ್ತಾಡುವಷ್ಟು ಜಾಗ ಬಿಟ್ಟು ಬೇರೆಬೇರೆ ನಿಲ್ಲಿಸುತ್ತಾರೆ. ಪ್ರತಿದಿನ ಬೆಳಗಾಗುವ ಮುನ್ನ ಮುಕಾದಮ ಒಂದೊಂದಕ್ಕೂ ಅಂಗೈ ಒತ್ತಿ, ಮೂಗು ಹಚ್ಚಿ ನೋಡಬೇಕು. ಅವರು ಸೈ ಅಂದ ಮೇಲೆಯೇ ಹಮಾಲರು ಮುಟ್ಟುವುದು.

"ಮೂವತ್ತು ವರ್ಷ ನಿಮ್ಮ ಮೂಗು ತಪ್ಪಿಲ್ಲಂತ ಊರೆಲ್ಲ ಹೇಳ್ತದ. ನನ್ನ ಯಂತ್ರ ಯಾಕ?" ಎಂದೆ.

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಎರಡು ವರ್ಷದ ಹಿಂದ ಕೊರೊನಾ ಬಂದು ಹೋದಾಗಿಂದ ನನಗ ವಾಸನಿ ಇಲ್ಲವ್ವಾ. ಉಳ್ಳಾಗಡ್ಡಿ ಹೆಚ್ಚಿದ್ರೂ ತಿಳ್ಯಂಗಿಲ್ಲ. ಹೇಳಿದ್ರ ಮುಕಾದಮಕಿ ಹೋಗ್ತದ. ಕೈಯಿಂದಾ ನಡಸಾಕತ್ತೀನಿ. ಚಳಿಗಾಲದಾಗ ಕೈ ಹೇಳ್ತದ. ಈಗ ಬ್ಯಾಸಗಿ ಬಂತು. ನನ್ನ ಹಿಂದ ಹನ್ನೆರಡು ಮಂದಿ ಅದಾರ."

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಲಾರಿ ಬರಲು ಎಂಟು ದಿನವಿತ್ತು.

ಮಿಲ್ಲಿನ ಸಾಹುಕಾರರು ಒಪ್ಪಿದರು, ಅರೆಮನಸ್ಸಿನಿಂದ. "ಮಾಡ್ರಿ ಮೇಡಂರಿ, ನಿಮ್ಮ ಕಾಲೇಜಿನ ಹೆಸರಾದ್ರ ನಮಗೂ ಖುಷಿ. ಆದ್ರ ಲಾರಿ ನಿಲ್ಲಂಗಿಲ್ಲ." ಶೆಡ್ಡಿನಲ್ಲಿ ಎರಡು ಸಾಲು, ಸಾಲಿಗೆ ಹನ್ನೊಂದು ಬೇಲ್. ನನ್ನ ಉಪಾಯ ಸರಳವಾಗಿತ್ತು. ಅರಳೆ ಒಳಗೇ ಕುಮುಲುವಾಗ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಆ ಅನಿಲ ಇನ್‌ಫ್ರಾರೆಡ್ಡಿನ ಒಂದು ನಿರ್ದಿಷ್ಟ ಬಣ್ಣವನ್ನು ನುಂಗುತ್ತದೆ. ಒಂದು ಬೇಲಿಗೆ ತಾಡಪತ್ರಿ ಹೊದಿಸಿ ಅರ್ಧ ಗಂಟೆ ಬಿಟ್ಟು, ತಾಡಪತ್ರಿಯ ಒಂದು ತೂತಿನಿಂದ ದೀಪದ ಬೆಳಕನ್ನು ಬಿಟ್ಟು, ಇನ್ನೊಂದು ತೂತಿನಲ್ಲಿ ನನ್ನ ಪೆಟ್ಟಿಗೆ ಇಟ್ಟು ನೋಡುವುದು. ಆ ಬಣ್ಣ ಕಡಿಮೆಯಾಗಿದ್ದರೆ ಒಳಗೆ ಬೆಂಕಿ ಇದೆ. ಯಾವ ಬಣ್ಣವನ್ನು ಆರಿಸಬೇಕೆಂಬುದು ಹರಳಿನ ಬಿಸಿಯ ಮೇಲೆ ನಿಂತಿದೆ. ಅದಕ್ಕೆ ಒಂದು ಸಣ್ಣ ಒಲೆಯಂಥ ಡಬ್ಬಿ. ನನ್ನ ಗೈಡ್ ತಮ್ಮ ಲ್ಯಾಬಿನಲ್ಲಿ ಅದನ್ನು ಮೂವತ್ತೆಂಟು ಡಿಗ್ರಿಗೆ ಕಟ್ಟಿಟ್ಟಿದ್ದರು.

ಮಿಲ್ಲಿನೊಳಗೆ ಕಡ್ಡಿ ಗೀರುವಂತಿಲ್ಲ. ಹಾಗಾಗಿ ಯಂತ್ರವನ್ನು ಪರೀಕ್ಷಿಸಲು ಒಂದು ಪಿವಿಸಿ ಪೈಪಿನ ಎರಡೂ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದು, ಗೇಟಿನ ಹೊರಗೆ, ಅದೇ ಅನಿಲವಿರುವ ಕಾಕಾನ ಬೈಕಿನ ಹೊಗೆಯನ್ನು ತುಂಬಿಕೊಂಡು ಬಂದೆ. ಪೈಪನ್ನು ನಡುವೆ ಹಿಡಿದರೆ ಅಂಕಿ ದಪ್ಪನೆ ಬೀಳಬೇಕು. ಬೆಳಿಗ್ಗೆ ಆರಕ್ಕೆ ಬಿತ್ತು. ಕಾಕಾ ಎರಡೂ ಕೈ ಜೋಡಿಸಿದರು, ನನಗಲ್ಲ, ಪೆಟ್ಟಿಗೆಗೆ.

ಹತ್ತು ಗಂಟೆಗೆ ಅದೇ ಪೈಪು ಹಿಡಿದೆ. ಅಂಕಿ ಮಿಸುಕಲಿಲ್ಲ. ಕನ್ನಡಿ ತಿರುಗಿಸಿದೆ, ಲೇಸರ್ ನೋಡಿದೆ, ಎಲ್ಲ ಬಿಚ್ಚಿ ಮತ್ತೆ ಕೂಡಿಸಿದೆ. ಏನೂ ಇಲ್ಲ. ಮರುದಿನವೂ ಹಾಗೆಯೇ, ಬೆಳಿಗ್ಗೆ ಚೆಂದ, ಹತ್ತಾದರೆ ಸತ್ತಂತೆ. ಬೇಲುಗಳು ಅನಿಲ ಬಿಡುವುದೂ ಬಿಸಿಲು ಏರಿದ ಮೇಲೆಯೇ, ಆಗಲೇ ನನ್ನ ಯಂತ್ರ ಮಲಗುತ್ತಿತ್ತು. ಮೂರನೇ ದಿನ ಬುದ್ಧಿ ಬಂತು. ಶೆಡ್ಡಿನೊಳಗೆ ಥರ್ಮಾಮೀಟರ್ ನೇತುಹಾಕಿದೆ: ನಲವತ್ತಮೂರು. ಒಲೆ ಕಾಯಿಸಬಲ್ಲದು, ತಣ್ಣಗಾಗಿಸಲಾರದು. ಊರೇ ನಲವತ್ತಮೂರು ಇರುವಾಗ ಹರಳು ಮೂವತ್ತೆಂಟರಲ್ಲಿ ಹೇಗೆ ನಿಂತೀತು? ಶೆಡ್ಡಿನ ಬಿಸಿಯ ಬೆನ್ನು ಹತ್ತಿ ಹರಳು ಜಾರಿ, ನನ್ನ ಬಣ್ಣ ಬಿಟ್ಟು ಇನ್ಯಾವುದೋ ಬಣ್ಣ ನೋಡುತ್ತ ಕೂತಿತ್ತು. "ಕೋಣೆಯ ಉಷ್ಣತೆಯಲ್ಲಿಯೇ ಕೆಲಸ ಮಾಡುತ್ತದೆ" ಎಂದು ಎಷ್ಟು ಲೇಖನಗಳಲ್ಲಿ ಓದಿದ್ದೆ. ಯಾರ ಕೋಣೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನಾನೂ ಇಲ್ಲಿಯವಳೇ, ನನಗೂ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಆ ಸಿಟ್ಟಿನಲ್ಲಿಯೇ ಮುಂದಿನ ತಪ್ಪು ಮಾಡಿದೆ. ಇಲ್ಲಿ ಬಿಸಿಲಿಗೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಹಮಾಲರು ಗೋಣಿತಾಟುಗಳನ್ನು ನೀರಿನಲ್ಲಿ ಅದ್ದಿ, ಶೆಡ್ಡಿನ ಬಿಸಿಲ ಬದಿಗೆ ಪರದೆಯ ಹಾಗೆ ಇಳಿಬಿಟ್ಟರು. ಸ್ವಲ್ಪ ಹೊತ್ತಿನೊಳಗೆ ಶೆಡ್ಡು ಮೂವತ್ತಾರಕ್ಕೆ ಇಳಿಯಿತು. ಹರಳು ತನ್ನ ಜಾಗಕ್ಕೆ ಬಂದು ಕೂತಿತು. ನಾನು ಹಿಗ್ಗಿ ಮೊದಲ ಬೇಲಿಗೆ ತಾಡಪತ್ರಿ ಹೊದಿಸಿದೆ. ಅಂಕಿ ಬಿತ್ತು. ಬೆಂಕಿ! ಎರಡನೆಯದಕ್ಕೂ ಬಿತ್ತು. ಮೂರನೆಯದಕ್ಕೂ. ಐದನೇ ದಿನದ ಸಂಜೆಗೆ ಇಪ್ಪತ್ತೆರಡೂ ಬೇಲುಗಳಲ್ಲಿ ಬೆಂಕಿ ಇದೆ ಎಂದು ನನ್ನ ಯಂತ್ರ ಸಾಕ್ಷಿ ಹೇಳಿಬಿಟ್ಟಿತು.

ಸಾಹುಕಾರರು ಬಂದು ನಾನು ಬರೆದಿಟ್ಟ ಪಟ್ಟಿ ನೋಡಿದರು, ಗೋಣಿತಾಟು ನೋಡಿದರು, ಕೆಂಪಾದರು. "ಏನ್ರಿ ಮೇಡಂರಿ, ಅರಳಿ ಬಾಜೂಕ ನೀರು ಹೊಡದೀರಿ? ಮ್ಯಾಲ ಎಲ್ಲಾದಕ್ಕೂ ಬೆಂಕಿ ಅಂತೀರಿ? ಎಲ್ಲಾದಕ್ಕೂ ಇದ್ದಿದ್ರ ನಾವು ಇಲ್ಲಿ ನಿಂದಿರ್ತಿದ್ದಿವೇನು?"

ಅವರು ಹೇಳಿದ್ದು ಸರಿ. ತಲೆ ತಗ್ಗಿಸಿ ಕೂತು ಲೆಕ್ಕ ಹಾಕಿದ ಮೇಲೆ ತಿಳಿಯಿತು: ಗೋಣಿತಾಟಿನಿಂದ ಎದ್ದ ನೀರಾವಿಯೂ ಆ ಬಣ್ಣದ ಆಸುಪಾಸಿನಲ್ಲಿ ಬೆಳಕನ್ನು ನುಂಗುತ್ತದೆ. ನಾನು ಐದು ದಿನ ದುಡಿದು ಒದ್ದೆ ಗೋಣಿಯನ್ನು ಕಂಡುಹಿಡಿದಿದ್ದೆ. ಹಮಾಲರು ನನ್ನೆದುರು ನಗಲಿಲ್ಲ. ಆ ಮರ್ಯಾದೆಯೇ ಹೆಚ್ಚು ಚುಚ್ಚಿತು.

ಆರನೇ ದಿನ ನಸುಕಿನಲ್ಲಿ ಕಾಕಾ ತಮ್ಮ ಸುತ್ತು ಮುಗಿಸುತ್ತಿದ್ದರು. ಒಂದೊಂದು ಬೇಲಿಗೂ ಅಂಗೈ ಒತ್ತುವುದು, ಕಣ್ಣು ಮುಚ್ಚುವುದು, ಆಮೇಲೆ ಸುಮ್ಮನೆ ಮೂಗು ಹಚ್ಚುವುದು. ದೂರದಲ್ಲಿ ನಿಂತ ಹಮಾಲರು ಆ ಮೂಗನ್ನೇ ನೋಡುತ್ತಿದ್ದರು. ನಾನು ಕಾಕಾನ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದೆ.

"ಕಾಕಾ, ಕೈ ಏನ್ ಹೇಳ್ತದ?"

"ಏನೂ ಇಲ್ಲ. ನೋಡವ್ವಾ, ಕೈಗಿಂತ ಗಾಳಿ ತಂಪಿದ್ರ ಕೈ ಹೇಳ್ತದ. ಕೈನೂ ಗಾಳಿನೂ ಒಂದಾ ಬಿಸಿ ಆದ್ರ ಏನ್ ಹೇಳೀತು? ಅದಕ್ಕಾ ನಾವು ನಸುಕಿನಾಗ ನೋಡೋದು. ಕೈ ಯಾವಾಗ್ಲೂ ಸುತ್ತಲಿಂದಕ್ಕಿಂತ ಬಿಸಿ ಇರಬೇಕು."

ಅವರು ಮುಂದಿನ ಬೇಲಿಗೆ ಹೋದರು. ನಾನು ಅಲ್ಲೇ ನಿಂತೆ. ಸುತ್ತಲಿಂದಕ್ಕಿಂತ ಬಿಸಿ ಇರಬೇಕು. ನಾನು ಐದು ದಿನ ಶೆಡ್ಡನ್ನು ತಂಪು ಮಾಡಲು ಒದ್ದಾಡಿದ್ದೆ. ಹರಳನ್ನೇ ಊರಿಗಿಂತ ಬಿಸಿ ಮಾಡಿಬಿಟ್ಟರೆ? ಆಗ ಶೆಡ್ಡು ನಲವತ್ತೈದೇ ಆಗಲಿ, ಐವತ್ತೇ ಆಗಲಿ, ಒಲೆಗೆ ಅದು ಚಳಿಯೇ. ಆದರೆ ಅಷ್ಟು ಬಿಸಿಯಲ್ಲಿ ಹರಳಿನ ಈ ಸಾಲು ನನ್ನ ಬಣ್ಣವನ್ನು ಆರಿಸುವುದಿಲ್ಲ. ಪಕ್ಕದ ಸಾಲಿನ ಪಟ್ಟೆಗಳ ಅಗಲ ಬೇರೆ. ಚೀಟಿಯೊಂದರ ಹಿಂದೆ ಲೆಕ್ಕ ಮಾಡಿದೆ. ಎರಡನೇ ಸಾಲು, ನೂರಾ ಎಂಟು ಡಿಗ್ರಿ.

ಗೈಡಿಗೆ ಫೋನ್ ಮಾಡಿದೆ. ಅವರು ಹೌಹಾರಿದರು. "ಬೇಡಮ್ಮ. ಆ ಸಾಲನ್ನು ನಾವು ಯಾರೂ ಬಳಸಿಲ್ಲ. ಬಿರುಕು ಬಿಟ್ಟರೆ ಇನ್ನೊಂದು ಹರಳು ಇಲ್ಲ. ಪೆಟ್ಟಿಗೆ ತಂದು ಇಲ್ಲಿ ಎ.ಸಿ. ರೂಮಿನಲ್ಲೇ ಅಳತೆ ಮುಗಿಸು, ಪಿಎಚ್.ಡಿ.ಗೆ ಅಷ್ಟು ಸಾಕು."

"ಬೇಲ್ ಇಲ್ಲಿ ಅದಾವ ಸರ್," ಎಂದೆ. ಅವರು ನನ್ನ ಲೆಕ್ಕವನ್ನು ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ, "ನಿಧಾನಕ್ಕೆ ಕಾಯಿಸು. ನಿಮಿಷಕ್ಕೆ ಒಂದು ಡಿಗ್ರಿ. ಅದಕ್ಕಿಂತ ಹೆಚ್ಚು ಬೇಡ," ಎಂದರು.

ನಿಮಿಷಕ್ಕೊಂದು ಡಿಗ್ರಿ ಏರಿಸಿದೆ. ಒಂದು ಗಂಟೆಗೂ ಮೇಲೆ ನಾನು ಆ ಡಬ್ಬಿಯ ಮುಂದಿನಿಂದ ಏಳಲಿಲ್ಲ. ನೂರು ದಾಟಿದ ಮೇಲೆ ಹೊಸ ಪೀಡೆ ಶುರುವಾಯಿತು. ಕಾದ ಹರಳು ತಾನೇ ಇನ್‌ಫ್ರಾರೆಡ್ ಸೂಸಿ, ಅದನ್ನೂ ಬದಲಿಸಿ ಪರದೆಗೆ ಕಳಿಸತೊಡಗಿತು. ಅದಕ್ಕೆ ದೀಪದ ಮುಂದೆ ತೂತುಗಳಿದ್ದ ತಗಡಿನ ಚಕ್ರವೊಂದನ್ನು ಸಣ್ಣ ಮೋಟರಿಗೆ ಕಟ್ಟಿದೆ. ಚಕ್ರ ತಿರುಗಿದಂತೆ ದೀಪದ ಬೆಳಕು ಮಿಟುಕುತ್ತದೆ, ಹರಳಿನ ಸ್ವಂತ ಬೆಳಕು ಮಿಟುಕುವುದಿಲ್ಲ. ಮಿಟುಕುವುದನ್ನಷ್ಟೇ ಎಣಿಸು ಎಂದು ಕಂಪ್ಯೂಟರಿಗೆ ಹೇಳಿದೆ. ಗೋಣಿತಾಟುಗಳನ್ನೆಲ್ಲ ಕಿತ್ತೆಸೆದೆವು. ಈ ಹೊಂದಾಣಿಕೆಯಲ್ಲೇ ಏಳನೇ ದಿನವೂ ಕಳೆಯಿತು.

ಎಂಟನೇ ದಿನ ಲಾರಿ ಬಂದು ಗೇಟಿನಲ್ಲಿ ನಿಂತಿತು. ಬಿಸಿಲು ಇಳಿದ ಮೇಲೆ, ನಾಲ್ಕಕ್ಕೆ ಲೋಡಿಂಗ್. ಅಂದು ಮಧ್ಯಾಹ್ನ ಶೆಡ್ಡಿನಲ್ಲಿ ನಲವತ್ತನಾಲ್ಕು. ತಗಡು ಟಕಟಕ ಎನ್ನುತ್ತಿತ್ತು. ಆಚೆ ಶಹಾಪುರದ ಮಲಗಿದ ಬುದ್ಧನ ಗುಡ್ಡ ಬಿಸಿಗಾಳಿಯಲ್ಲಿ ಅಲುಗಾಡುವಂತೆ ಕಾಣುತ್ತಿತ್ತು. ಬೈಕಿನ ಹೊಗೆಯ ಪೈಪನ್ನು ನಡುವೆ ಹಿಡಿದೆ. ಅಂಕಿ ದಪ್ಪನೆ ಬಿತ್ತು. ತೆಗೆದೆ, ಎದ್ದು ತನ್ನ ಜಾಗದಲ್ಲಿ ನಿಂತಿತು. ಕಲ್ಲು, ತಗಡು, ಮಣ್ಣು, ನಾನು, ಎಲ್ಲವೂ ಕಾದು ಇನ್‌ಫ್ರಾರೆಡ್ ಚೆಲ್ಲುತ್ತಿದ್ದ ಆ ಬೆಳಕಿನ ಗದ್ದಲದ ನಡುವೆ ಬೆಂಕಿಕಡ್ಡಿಯಷ್ಟಿದ್ದ ಹರಳೊಂದು ಒಂದೇ ಒಂದು ಬಣ್ಣವನ್ನು ಹೆಕ್ಕಿ ನನ್ನ ಕೈಗೆ ಕೊಡುತ್ತಿತ್ತು. ಅಷ್ಟು ಸಣ್ಣದಕ್ಕೆ ಅಷ್ಟು ನಿಷ್ಠೆ ಎಲ್ಲಿಂದ ಬಂತು ಎಂದು ಅನ್ನಿಸಿ ಕಣ್ಣು ತುಂಬಿತು.

ಊಟ ಬಿಟ್ಟು ಸುತ್ತು ಶುರು ಮಾಡಿದೆವು. ನಾಲ್ಕು ತಾಡಪತ್ರಿಗಳನ್ನು ಒಂದರ ಹಿಂದೆ ಒಂದು ಸರಿಸುತ್ತ ಹೋದೆವು. ಮೊದಲ ಸಾಲಿನಲ್ಲಿ ಏನೂ ಇಲ್ಲ. ಎರಡನೇ ಸಾಲಿನ ಮೂರನೇ ಬೇಲಿಗೆ ಅಂಕಿ ಬಿತ್ತು. ತಾಡಪತ್ರಿ ತೆಗೆದು ಗಾಳಿಯಾಡಿಸಿ ಮತ್ತೆ ಹೊದಿಸಿದೆ, ಮತ್ತೆ ಬಿತ್ತು. ಮೂರು ಸಲ. ಒಟ್ಟು ಎಣಿಕೆಯಲ್ಲಿ ಹದಿನಾಲ್ಕನೇ ಬೇಲ್. ಅದರ ಮುಂದಿನವು ಇನ್ನೂ ಎಂಟು ಉಳಿದಿದ್ದವು, ಅಷ್ಟರಲ್ಲಿ ನಾಲ್ಕಾಯಿತು. ಸಾಹುಕಾರರು ಬಂದರು.

"ಮೊನ್ನಿ ಎಲ್ಲಾದಕ್ಕೂ ಬೆಂಕಿ ಅಂದ್ರಿ. ಇವತ್ತು ಒಂದಕ್ಕ ಅಂತೀರಿ. ನಾಳಿ ಏನಂತೀರೋ. ನನಗ ನಿಮ್ಮ ಯಂತ್ರ ತಿಳ್ಯಂಗಿಲ್ಲ ಮೇಡಂರಿ." ಕಾಕಾನ ಕಡೆ ತಿರುಗಿದರು. "ಮುಕಾದಮ, ನೀ ಮೂಗ್ ಹಚ್ಚಿ ಹೇಳಪಾ. ನಿನ್ನ ಮೂಗಿನ ಮ್ಯಾಲ ಭರೋಸ ಅದ ನನಗ. ಇದ್ರಾಗ ಬೆಂಕಿ ಅದ ಅಂದ್ರ ಇದೊಂದು ಬಿಡೋಣು, ಉಳಿದಿದ್ದು ಏರಸೋಣು."

ಹನ್ನೆರಡು ಹಮಾಲರೂ ಕೊಕ್ಕೆ ಹಿಡಿದು ನಿಂತಿದ್ದರು. ನಾನು ಮನಸ್ಸಿನಲ್ಲಿಯೇ, ಹೌದನ್ನಿ ಕಾಕಾ, ಒಂದು ಸುಳ್ಳು ಹೇಳಿಬಿಡಿ, ನನ್ನ ಯಂತ್ರದ ಮಾತೂ ಉಳಿಯುತ್ತದೆ ನಿಮ್ಮ ಮಾನವೂ ಉಳಿಯುತ್ತದೆ ಎಂದು ಬೇಡುತ್ತಿದ್ದೆ. ಕಾಕಾ ಬೇಲಿಗೆ ಮುಖ ಒತ್ತಿ ಬಹಳ ಹೊತ್ತು ನಿಂತರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದರು.

"ಸಾವ್ಕಾರ್ರ, ನನಗ ವಾಸನಿ ಬರಂಗಿಲ್ರಿ."

"ಅಂದ್ರ ಇದ್ರಾಗ ಬೆಂಕಿ ಇಲ್ಲಂತೀಯೇನು?"

"ಅದಲ್ರಿ. ನನಗ ವಾಸನೀನೇ ಇಲ್ಲ. ಕೊರೊನಾದಾಗ ಹೋಗ್ಯಾದ. ಈ ಮಂದಿಗೂ ಹೇಳಿಲ್ಲ. ಇದಕ್ಕ ಹೌದು ಅಂದ್ರ, ಮುಂದಿನ ಎಂಟಕ್ಕ ಇಲ್ಲ ಅಂದಂಗ ಆಗ್ತದ. ಅದು ನನಗ ಗೊತ್ತಿಲ್ಲ. ಈ ತಂಗಿ ಅವನ್ನ ಇನ್ನಾ ನೋಡಿಲ್ಲ."

ನಾನು ಎಷ್ಟೋ ವರ್ಷದಿಂದ ಹುಡುಗರಿಗೆ ಅಳತೆಯ ದೋಷದ ಪಾಠ ಮಾಡುತ್ತ ಬಂದವಳು, ಅಳೆಯದ್ದನ್ನು ಅಳೆದೆ ಎನ್ನಬಾರದೆಂದು ಬೋರ್ಡಿಗೆ ಬಡಿದು ಹೇಳಿದವಳು. ಒಂದು ನಿಮಿಷದ ಹಿಂದೆ ಒಬ್ಬರು ಸುಳ್ಳು ಹೇಳಲೆಂದು ಹಾರೈಸಿದ್ದೆ. ನಾಚಿಕೆಯಿಂದ ನೆಲ ನೋಡಿದೆ. ಹಮಾಲರಲ್ಲಿ ಹಿರಿಯವನೊಬ್ಬ ಕೊಕ್ಕೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ಉಳಿದವರೂ ಇಟ್ಟರು. ಸಾಹುಕಾರರು ಆ ಕೊಕ್ಕೆಗಳನ್ನು ನೋಡಿದರು, ಲಾರಿಯನ್ನು ನೋಡಿದರು. "ನಾಳಿ ಏರಸೋಣು," ಎಂದರು, ಯಾರ ಮುಖವನ್ನೂ ನೋಡದೆ. "ಇದನ್ನ ಬಯಲಿಗೆ ಒಯ್ರಿ."

ಟ್ರಾಕ್ಟರಿಗೆ ಉದ್ದನೆಯ ಸರಪಳಿ ಕಟ್ಟಿ ಹದಿನಾಲ್ಕನೇ ಬೇಲನ್ನು ಬಯಲಿಗೆ ಎಳೆದರು. ಮರಳು, ನೀರಿನ ಡ್ರಮ್ಮು ಸಜ್ಜಾದವು. ಪಟ್ಟಿ ಕತ್ತರಿಸುವವರು ತಾವೇ ಎಂದು ಕಾಕಾ ಹಟ ಹಿಡಿದರು. ಕಡೆಯ ಪಟ್ಟಿ ಠಣ್ ಎಂದು ಹಾರಿದ ಕೂಡಲೇ ಬೇಲ್ ಉಬ್ಬಿ ಬಿರಿಯಿತು. ಹಾಲಿನಷ್ಟು ಬಿಳಿಯ ಅರಳೆ, ಬಿಳಿ, ಇನ್ನೂ ಬಿಳಿ. ಆಮೇಲೆ ಒಳಗೆ, ತೆಂಗಿನಕಾಯಿಯಷ್ಟು ಗಾತ್ರದ ಕಪ್ಪು ಗಡ್ಡೆ. ಗಾಳಿ ಸೋಕಿತು, ನೋಡನೋಡುತ್ತಲೇ ಕಪ್ಪಿನ ಅಂಚು ಕೆಂಪಗೆ ತೆರೆದುಕೊಂಡಿತು. ಎಂಟು ದಿನಕ್ಕೂ ಮೇಲೆ ಅದು ಅಲ್ಲಿ ಬದುಕಿತ್ತು. ಮರಳು ಬಿತ್ತು, ನೀರು ಬಿತ್ತು.

ಹಬೆ ಇಳಿದ ಮೇಲೆ ಕಾಕಾ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಪ್ಪು ಅರಳೆಯನ್ನು ಒಂದು ಹಿಡಿ ಎತ್ತಿ ನನ್ನ ಕಡೆ ಚಾಚಿದರು.

"ಹೆಂಗದವ್ವಾ ವಾಸನಿ?"

ನಾನು ಮೂಸಿದೆ. ಮೈಕ್ರಾನು, ಡಿಗ್ರಿ ಎಲ್ಲ ಬಾಯಿಪಾಠವಿದ್ದ ನನಗೆ ಇದಕ್ಕೆ ಮಾತು ಸಿಗಲು ಹೊತ್ತು ಹಿಡಿಯಿತು. "ದೀಪ ಆರಿಸಿದ ಮ್ಯಾಲ ಬತ್ತಿ ಹೊಗಿ ಬರ್ತದಲ್ಲ ಕಾಕಾ, ಹಂಗ."

"ಬರೇ ಬತ್ತಿದೋ, ಎಣ್ಣಿ ಬತ್ತಿದೋ?"

ಮತ್ತೆ ಮೂಸಿದೆ. "ಎಣ್ಣಿದು. ಕಮಟು ಎಣ್ಣಿ."

ಅವರ ಮುಖ ಬದಲಾಯಿತು. ಕಪ್ಪನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಹತ್ತಿಕಾಳಿನ ಒಡೆದ ಸಿಪ್ಪೆಗಳು ಸಿಕ್ಕವು. ಥಟ್ಟನೆ ಎದ್ದು ನಿಂತು, ಎರಡು ವರ್ಷ ದನಿ ತಗ್ಗಿಸಿ ಮಾತಾಡಿದವರು ಮಿಲ್ಲಿನ ಆ ತುದಿಗೂ ಕೇಳುವಂತೆ ಕೂಗಿದರು.

"ಸಾವ್ಕಾರ್ರ, ಕಿಡಿ ಪ್ರೆಸ್ಸಿಂದಲ್ರಿ! ಕಾಳು ಸುಟ್ಟದ. ಜಿನ್ನಿನಾಗ ಯಾವ್ದೋ ರೋಲರಿಗೆ ಬ್ಲೇಡ್ ಒತ್ತಾಕತ್ತದ, ತಿಕ್ಕಿ ಕಿಡಿ ಹಾರಾಕತ್ತದ, ಕಾಳು ಒಡದು ಅರಳ್ಯಾಗ ಹೊಂಟದ. ಮಶೀನ್ ಬಂದ್ ಮಾಡಸ್ರಿ! ಇವತ್ತಿನ ಬೇಲಿನಾಗೂ ಬೆಂಕಿ ಇದ್ದೀತು!"

ಎಂಟು ದಿನದಿಂದ ನಾವು ಇಪ್ಪತ್ತೆರಡು ಬೇಲುಗಳ ಸುತ್ತ ಸುತ್ತುತ್ತಿದ್ದೆವು. ಕಿಡಿ ಹುಟ್ಟುವ ಜಾಗ ನಮ್ಮ ಬೆನ್ನ ಹಿಂದೆ ತಿರುಗುತ್ತಲೇ ಇತ್ತು. ಹಮಾಲರು ಓಡಿದರು, ಸಾಹುಕಾರರು ಓಡಿದರು. ನಾನು ಓಡಲಿಲ್ಲ. ಯಂತ್ರಗಳ ಸದ್ದು ಒಂದೊಂದಾಗಿ ನಿಂತು ಇಡೀ ಮಿಲ್ಲು ಮೌನವಾಗುವವರೆಗೂ, ಕೈಯಲ್ಲಿ ಕಪ್ಪು ಅರಳೆ ಹಿಡಿದು, ಮೂಗಿಲ್ಲದೆ ವಾಸನೆ ಹಿಡಿದ ಆ ಮನುಷ್ಯನನ್ನು ನೋಡುತ್ತ ನಿಂತಿದ್ದೆ. ಆಮೇಲೆ ಪೆಟ್ಟಿಗೆ ಎತ್ತಿಕೊಂಡೆ. ಇನ್ನೂ ಎಂಟು ಬೇಲ್ ಬಾಕಿ ಇದ್ದವು.